ಕೆಂಪು ಪಟ್ಟಿಗೆ ಬಿದ್ದ ಗಂಟು

ಅವಳು ಅವನನ್ನು ಮೊದಲ ಸಲ ನೋಡಿದಾಗ ಅವನ ವ್ಯಾನಿನ ಹಿಂದಿನ ಚಕ್ರ ಅವಳ ನಲವತ್ತು ಕುಂಡಗಳ ಮೇಲಿತ್ತು.

ಧೋ ಎಂದು ಮಳೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ನರ್ಸರಿಯ ಅಂಗಳದಲ್ಲಿ ವ್ಯಾನನ್ನು ಹಿಂದಕ್ಕೆ ತರಲು ಹೋಗಿ, ಅವಳು ಮೂರು ತಿಂಗಳು ಸಾಕಿದ ನಿಂಬೆ ಗಿಡಗಳನ್ನು ಅವನು ಚಪ್ಪಟೆ ಮಾಡಿಬಿಟ್ಟಿದ್ದ. ಬೈಯಲೆಂದೇ ಅವಳು ಬಾಯಿ ತೆರೆದಳು. ಆದರೆ ಅವನು ಕೆಸರಲ್ಲಿ ಮಂಡಿಯೂರಿ, ಒಂದೊಂದೇ ಗಿಡವನ್ನು ಬಿದ್ದ ಮಗುವನ್ನು ಎತ್ತುವಂತೆ ಎತ್ತಿಕೊಳ್ಳುತ್ತಿದ್ದ. ಅವಳ ಬಾಯಿ ತಾನಾಗಿ ಮುಚ್ಚಿತು.

ನರ್ಸರಿಯ ಒಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಛತ್ರಿ ಹಿಡಿದು ಓಡಿಬಂದ ಅವರು, "ಯಾರದಪ್ಪಾ ಈ ಘನಕಾರ್ಯ?" ಎಂದರು.

"ತಪ್ಪು ನಂದೇ ದೊಡ್ಡಮ್ಮ. ದಾರಿಗೆ ಅಡ್ಡ ಇಟ್ಟಿದ್ದೆ," ಎಂದುಬಿಟ್ಟಳು ಅವಳು.

ಅವನು ತಲೆಯೆತ್ತಿ ನೋಡಿದ. ಆ ನೋಟ ಅವಳೊಳಗೆ ಎಲ್ಲೋ ಬೇರು ಬಿಟ್ಟಿತು... ಅದಕ್ಕೀಗ ಎರಡು ವರ್ಷ.

ಮರುದಿನದಿಂದಲೇ ಅವನಿಗೆ 'ಸಾರಥಿ' ಎಂದು ಹೆಸರು ಬಿತ್ತು. ಅವಳಿಗಂತೂ ಮೊದಲಿನಿಂದಲೂ 'ಗಂಟಮ್ಮ' ಎಂದೇ ಹೆಸರು. ಅವಳ ಕೆಲಸ ಕಸಿ ಕಟ್ಟುವುದು. ಬೇರಿರುವ ಗಿಡದ ತಲೆ ಕತ್ತರಿಸಿ, ಸೀಳಿ, ಅದರೊಳಗೆ ಒಳ್ಳೆಯ ಜಾತಿಯ ಕಡ್ಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಗಂಟು ಹಾಕುವುದು. ಅವಳು ಹಾಕಿದ ಗಂಟು ಅವಳಿಗಲ್ಲದೆ ಬೇರೆ ಯಾರಿಗೂ ಬಿಚ್ಚಲು ಬರುತ್ತಿರಲಿಲ್ಲ. ಯಾರು ಕಟ್ಟಿದ್ದೆಂದು ತಿಳಿಯಲು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪಟ್ಟಿ. ಅವಳದು ಹಸಿರು.

ಕಟ್ಟಿದ ಗಿಡಗಳನ್ನು ಸಾರಥಿ ಗುಡ್ಡದ ಮೇಲಿನ ಗಾಜಿನಮನೆಗೆ ಒಯ್ಯುತ್ತಿದ್ದ. ಅಲ್ಲಿ ಐದು ವಾರ. ಚಿಗುರಿದರೆ ಕಸಿ ಹಿಡಿಯಿತು, ಕಪ್ಪಾದರೆ ಹೋಯಿತು.

ಸಂಜೆ ಮನೆಮನೆಗೆ ಗಿಡ, ಗೊಬ್ಬರ ತಲುಪಿಸಿ ಬಂದವನು ಅವಳ ಮೇಜಿನ ಬಳಿ ನಿಲ್ಲುತ್ತಿದ್ದ. "ಬೇಕರಿಯವರ ಗುಲಾಬಿ ಮೊಗ್ಗೆಲ್ಲ ಕೊಳೀತಿದೆಯಂತೆ. ಏನು ಹೇಳಲಿ?"

"ನೀರು ಹಾಕೋದು ನಿಲ್ಲಿಸೋಕೆ ಹೇಳಿ. ಆಕಾಶ ಹಾಕ್ತಿರೋದು ಸಾಲದಾ?"

ಅವನಿಗೆ ಗೊತ್ತಿಲ್ಲದ ಉತ್ತರವೇನೂ ಅಲ್ಲ. ಗೊತ್ತಿದ್ದೂ ಕೇಳುತ್ತಾನೆಂದು ಅವಳಿಗೂ ಗೊತ್ತಿತ್ತು. ಇಬ್ಬರ ನಡುವೆ ಇದ್ದದ್ದು ಅಷ್ಟೇ. ಅಷ್ಟರಲ್ಲೇ ಅವಳು ಮನಸ್ಸಿನಲ್ಲಿ ಒಂದು ಮನೆ ಕಟ್ಟಿ, ಕಿಟಕಿಗೆ ಪರದೆಯನ್ನೂ ಹಾಕಿಯಾಗಿತ್ತು.

ಈ ವಸಂತದಲ್ಲಿ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಅಂಥದೊಂದು ಬೆಳಿಗ್ಗೆ ವ್ಯಾನು ಅಂಗಳಕ್ಕೆ ಬಂದು ನಿಂತಾಗ, ಮುಂದಿನ ಸೀಟಿನಿಂದ ಒಬ್ಬ ಹುಡುಗಿ ಇಳಿದಳು. ತಲೆಯ ಮೇಲೆ ಸಾರಥಿಯ ಮಳೆಕೋಟು!

"ಹೊಸಬಳು ಕಣೇ. ಕಸಿ ಕಲಿಯೋಕೆ ಬಂದಿದ್ದಾಳೆ. ಬಸ್ ನಿಲ್ದಾಣದಿಂದ ಕರ್ಕೊಂಡು ಬಾ ಅಂತ ನಾನೇ ಕಳಿಸಿದ್ದೆ," ಎಂದರು ದೊಡ್ಡಮ್ಮ.

ಗಂಟಮ್ಮನ ಕಣ್ಣು ಮಾತ್ರ ಆ ಕೋಟಿನ ಮೇಲಿಂದ ಕದಲಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಅವಳು ಆ ಸೀಟಿನಲ್ಲಿ ಕೂತಿರಲಿಲ್ಲ.

ಹೊಸಬಳಿಗೆ ಸಿಕ್ಕಿದ್ದು ಕೆಂಪು ಪಟ್ಟಿ. ಅಂದಿನಿಂದ ದಿನವೂ ಅದೇ ದೃಶ್ಯ. ಹಸಿರು ಪಟ್ಟಿಯ ಗಿಡಗಳು ಗೊಬ್ಬರದ ಚೀಲಗಳ ಜೊತೆ ವ್ಯಾನಿನ ಹಿಂದೆ. ಕೆಂಪು ಪಟ್ಟಿಯ ಗಿಡಗಳು ಮಾತ್ರ ಮುಂದೆ, ಹೊಸಬಳ ಮಡಿಲಲ್ಲಿ, ಸಾರಥಿಯ ಪಕ್ಕದಲ್ಲಿ.

ವ್ಯಾನು ಗೇಟು ದಾಟುವಾಗ ಹೊಸಬಳ ನಗು ಕೇಳಿಸುತ್ತಿತ್ತು.

'ಅಷ್ಟು ನಗೋದಕ್ಕೆ ಏನಿದೆ? ನನ್ನ ಹತ್ರ ಕೊಳೆತ ಗುಲಾಬಿಯ ಮಾತು. ಅವಳ ಹತ್ರ ನಗು...'

ಆ ರಾತ್ರಿ ಮನೆಯಲ್ಲಿ ಅವಳು ತೊಳೆಯುತ್ತಿದ್ದ ಪಾತ್ರೆಗಳ ಸದ್ದು ಜೋರಾಯಿತು. ಅತ್ತಿಗೆ ಹತ್ತಿರ ಬಂದು ಅವಳ ಕೈಯಿಂದ ತಟ್ಟೆ ಕಿತ್ತುಕೊಂಡರು.

"ತಟ್ಟೆ ಏನು ಮಾಡ್ತು ನಿಂಗೆ? ಅವನು ನಿನ್ನ ಹತ್ರ ಏನಾದ್ರೂ ಹೇಳಿದ್ದಾನಾ?"

"ಇಲ್ಲ."

"ನೀನು?"

"...ಇಲ್ಲ."

"ಹಾಗಿದ್ರೆ ಯಾವ ಲೆಕ್ಕದಲ್ಲಿ ಉರೀತಿದ್ದೀಯ?"

ಅವಳು ತಟ್ಟೆಯನ್ನು ವಾಪಸ್ಸು ಕಿತ್ತುಕೊಂಡು ಮತ್ತೆ ಉಜ್ಜತೊಡಗಿದಳು. ಅವನಿಗೊಂದು ಮಾತು ಹೇಳಲು ಎರಡು ವರ್ಷ ಸಾಲದೆ ಹೋದವಳು, ಅವನನ್ನು ಎರಡು ವಾರದಲ್ಲಿ ಕಳೆದುಕೊಳ್ಳುತ್ತಿದ್ದಳು.

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಶೆಡ್ಡಿನ ಬಾಗಿಲ ಬಳಿ ಹೊಸಬಳು ಕಟ್ಟಿಟ್ಟ ಹನ್ನೆರಡು ಗಿಡಗಳ ಟ್ರೇ ಇತ್ತು. ಹನ್ನೆರಡು ಕೆಂಪು ಪಟ್ಟಿಗಳು.

ಗಂಟಮ್ಮ ಸುತ್ತ ನೋಡಿದಳು. ಒಂದು ಗಿಡವನ್ನು ಎತ್ತಿಕೊಂಡಳು. ಗಂಟಿಗೆ ಉಗುರು ತಾಗಿದ್ದೇ ತಡ, ಪಟ್ಟಿ ಸರ್ರನೆ ಬಿಚ್ಚಿಕೊಂಡಿತು. ಹೀಗೇ ಹನ್ನೆರಡನ್ನೂ ಬಿಚ್ಚಿಬಿಟ್ಟರೆ ಐದು ವಾರದಲ್ಲಿ ಎಲ್ಲ ಒಣಗುತ್ತವೆ. ಹುಡುಗಿ ಬಂದ ಬಸ್ಸಿನಲ್ಲೇ ವಾಪಸ್ಸು...

ಬಿಚ್ಚಿದ ಗಿಡದಲ್ಲಿ ಕಡ್ಡಿ ಒಂದು ಪಕ್ಕಕ್ಕೆ ವಾಲಿ ಕೂತಿತ್ತು. ಸಿಪ್ಪೆಗೆ ಸಿಪ್ಪೆ ಕೂಡಿರಲಿಲ್ಲ. ಕಡ್ಡಿಯ ತುದಿಯಲ್ಲೊಂದು ಮೊಗ್ಗು ಹಸಿರಾಗಿ, ಏನೂ ಅರಿಯದೆ ಅವಳನ್ನೇ ನೋಡುವಂತಿತ್ತು.

'ಛೀ... ಏನು ಮಾಡ್ತಿದ್ದೀನಿ ನಾನು?'

ಬಿಚ್ಚಿದ ಕೈಯೇ ಅವಳನ್ನು ಕೇಳದೆ ಕಡ್ಡಿಯನ್ನು ಸರಿಯಾಗಿ ಕೂರಿಸಿತು, ಅದೇ ಕೆಂಪು ಪಟ್ಟಿಯನ್ನು ಎಳೆದು ಸುತ್ತಿತು. ಉಳಿದ ಹನ್ನೊಂದನ್ನು ಮುಟ್ಟದೆ ಅವಳು ನಲ್ಲಿಯ ಬಳಿ ಹೋಗಿ ಬಹಳ ಹೊತ್ತು ಕೈ ತೊಳೆದಳು. ಮಣ್ಣು ಹೋಯಿತು.

ಆಮೇಲಿನ ಐದು ವಾರ ಅವಳು ಸಾರಥಿಯ ಕಡೆ ನೋಡಲಿಲ್ಲ. ಅವನು ಮೇಜಿನ ಬಳಿ ಬಂದರೆ ಪಟ್ಟಿ ತರುವ ನೆಪದಲ್ಲಿ ಎದ್ದುಹೋದಳು.

ಒಂದು ಸಂಜೆ ಅವನು ಕೇಳಿಯೇ ಬಿಟ್ಟ. "ನನ್ನಿಂದ ಏನಾದ್ರೂ ತಪ್ಪಾಯ್ತಾ? ಮತ್ತೆ ಕುಂಡ ಗಿಂಡ ಒಡೆದೆನಾ?"

"ನಿಮಗೆ ಕೇಳೋಕೆ ಬೇರೆಯವರು ಇದ್ದಾರಲ್ಲ. ಅವರನ್ನೇ ಕೇಳಿ."

ಅವನು ಒದ್ದೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಹೊರಟುಹೋದ. ಮೇಜಿನ ಮೇಲೆ ಅವಳ ಕಸಿಚಾಕು ಇತ್ತು. ನೋಡಿದರೆ ಸಾಣೆ ಹಿಡಿಸಿ ತಂದಿದ್ದ. ಅವಳು ಹೇಳಿರಲೇ ಇಲ್ಲ.

ಐದನೆಯ ವಾರ ಮುಗಿದ ದಿನ ಮಳೆ ತುಸು ತೆಳುವಾಗಿತ್ತು. ಗುಡ್ಡದಿಂದ ಇಳಿದ ವ್ಯಾನು ಅಂಗಳದಲ್ಲಿ ನಿಂತಿತು. ಹೊಸಬಳು ಟ್ರೇ ಹಿಡಿದು ನೇರವಾಗಿ ಗಂಟಮ್ಮನ ಮೇಜಿಗೆ ಬಂದಳು. ಹಿಂದೆಯೇ ಸಾರಥಿ.

ಟ್ರೇಯಲ್ಲಿ ಹನ್ನೊಂದು ಕಡ್ಡಿಗಳು ಕರ್ರಗಾಗಿದ್ದವು. ಸಡಿಲ ಪಟ್ಟಿಯೊಳಗೆ ನೀರು ಇಳಿದಿತ್ತು. ಒಂದು ಮಾತ್ರ ಮೂರು ಎಲೆ ಬಿಟ್ಟು ನಿಂತಿತ್ತು.

"ಅಕ್ಕಾ..." ಹುಡುಗಿ ಆ ಗಿಡಕ್ಕೆ ಬೆರಳು ತೋರಿಸಿದಳು. "ಇದನ್ನ ಕಟ್ಟಿದ್ದು ನೀವೇ ಅಲ್ವಾ? ಈ ಗಂಟು ನನ್ನ ಕೈಯಲ್ಲಿ ಬರಲ್ಲ. ನಾನು ಬೇಜಾರು ಮಾಡ್ಕೋತೀನಿ ಅಂತ ಹೇಳದೆ ಸರಿ ಮಾಡಿಟ್ಟಿದ್ದೀರ. ಇದೊಂದು ಉಳಿದಿದ್ದಕ್ಕೆ ದೊಡ್ಡಮ್ಮ ಗುಡ್ಡದಲ್ಲೇ ನನಗೆ ಇನ್ನೊಂದು ಅವಕಾಶ ಕೊಟ್ಟರು. ನಿಮ್ಮ ಉಪಕಾರ ಮರೆಯಲ್ಲ ಅಕ್ಕ."

ಗಂಟಮ್ಮನಿಗೆ ನೆಲ ಬಿರಿದರೆ ಸಾಕೆನ್ನಿಸಿತು. ಸಾರಥಿ ನೋಡುತ್ತಿದ್ದ. ಹೂಂ ಎಂದರೆ ಮುಗಿಯಿತು. ಅವನ ಕಣ್ಣಲ್ಲಿ ಅವಳು ಒಳ್ಳೆಯವಳಾಗಿಯೇ ಉಳಿಯುತ್ತಾಳೆ. ನಿಜ ಹೇಳಿದರೆ... ಎರಡು ವರ್ಷದ ಆ ನೋಟ ಇನ್ನಿಲ್ಲ.

ಅವಳು ಚಾಕು ಕೆಳಗಿಟ್ಟಳು.

"ಉಪಕಾರ ಅಲ್ಲ ಕಣಮ್ಮ. ಹಾಳಾಗಲಿ ಅಂತಲೇ ಬಿಚ್ಚಿದ್ದು ನಾನು. ಹನ್ನೆರಡನ್ನೂ ಬಿಚ್ಚಬೇಕು ಅಂತಿದ್ದೆ. ಒಂದು ಬಿಚ್ಚಿದ ಮೇಲೆ ನನ್ನ ಮೇಲೆ ನಂಗೇ ಅಸಹ್ಯ ಆಯ್ತು."

ಹುಡುಗಿ ಟ್ರೇಯನ್ನು ಮೇಜಿನ ಮೇಲಿಟ್ಟಳು.

"ಯಾಕಕ್ಕ? ನಾನೇನು ಮಾಡಿದ್ದೆ?"

ಗಂಟಮ್ಮನ ಕಣ್ಣು, ತಡೆಯುವಷ್ಟರಲ್ಲಿ, ವ್ಯಾನಿನ ಮುಂದಿನ ಸೀಟಿನ ಕಡೆ ಹೋಗಿಬಂತು.

ಹುಡುಗಿ ಆ ಕಡೆ ನೋಡಿದಳು. ಸಾರಥಿಯನ್ನು ನೋಡಿದಳು. ಮತ್ತೆ ಗಂಟಮ್ಮನನ್ನು ನೋಡಿದಳು. ಅವಳ ಮುಖ ಮೊದಲು ಬಾಡಿತು, ಆಮೇಲೆ ನಿಧಾನವಾಗಿ ಅರಳಿತು.

"ಅಯ್ಯೋ ಅಕ್ಕ, ಇವರಿಗಾಗಿನಾ? ದಾರಿಯುದ್ದಕ್ಕೂ ಇವರದು ಒಂದೇ ಪುರಾಣ. ಗಂಟಮ್ಮ ಹೀಗೆ ಕತ್ತರಿಸ್ತಾರೆ, ಗಂಟಮ್ಮ ಹಾಗೆ ಕಟ್ತಾರೆ... ಕೇಳಿ ಕೇಳಿ ನನಗೆ ನಗು ಬರೋದು." ಟ್ರೇಯನ್ನು ಎತ್ತಿಕೊಂಡು ತುಸು ಮುನಿಸಿನಲ್ಲೇ ಸೇರಿಸಿದಳು. "ಬಿಚ್ಚೋಕೆ ಕೂತವರು ಉಳಿದ ಹನ್ನೊಂದನ್ನೂ ಬಿಚ್ಚಿ ಹೀಗೇ ಕಟ್ಟಬಾರದಿತ್ತಾ?"

ಅವಳು ಒಳಗೆ ಹೋದಳು. ಉಳಿದವರು ಇಬ್ಬರೇ.

"ನಿಮಗೆ ಗೊತ್ತಿತ್ತಾ?" ಗಂಟಮ್ಮ ತಲೆಯೆತ್ತದೆ ಕೇಳಿದಳು.

"ಗಿಡ ಗುಡ್ಡಕ್ಕೆ ಒಯ್ದ ದಿನವೇ ಕಂಡಿತು. ಕೆಂಪು ಪಟ್ಟಿ, ನಿಮ್ಮ ಗಂಟು. ನಾನೂ ಉಪಕಾರ ಅಂದ್ಕೊಂಡೆ."

"ಈಗ?"

"ಈಗ..." ಅವನು ಮೇಜಿನ ಅಂಚಿಗೆ ಒರಗಿದ. "ಹುಡುಗಿ ಬಂದ ದಿನವೇ, ದಾರಿಯ ಗುಂಡಿಗೆ ಅವಳ ಪಟ್ಟಿಗಳೆಲ್ಲ ಬಿಚ್ಚಿಹೋಗಿದ್ದವು. ಅತ್ತುಬಿಟ್ಟಳು. ಅದಕ್ಕೇ ಮಡಿಲಲ್ಲಿ ಇಟ್ಟುಕೋ ಅಂದೆ. ನಿಮ್ಮ ಗಿಡ ಹಿಂದೆ ಎಷ್ಟು ಕುಲುಕಿದರೂ ನನಗೆ ಚಿಂತೆ ಇರಲಿಲ್ಲ."

"ನಾನು ಅದನ್ನ ಬೇರೆ ಥರ..."

"ಇನ್ನೂ ಒಂದಿದೆ. ನನ್ನ ಮೊದಲ ದಿನ ನಲವತ್ತು ಕುಂಡದ ತಪ್ಪನ್ನ ಒಬ್ಬರು ತಮ್ಮ ತಲೆ ಮೇಲೆ ಹಾಕ್ಕೊಂಡರು. ಹೊಸಬರ ಹತ್ರ ಹೇಗಿರಬೇಕು ಅಂತ ನಾನು ಕಲಿತದ್ದೇ ಅಲ್ಲಿ."

ಅವಳ ಕಣ್ಣು ತುಂಬಿತು. ಇಷ್ಟು ದಿನ ಅವಳು ಉರಿದದ್ದು ತನ್ನದೇ ಹಳೆಯ ಒಳ್ಳೆಯತನಕ್ಕೆ.

"ನಾನು ಅಷ್ಟೇನೂ ಒಳ್ಳೆಯವಳಲ್ಲ. ಇವತ್ತು ನೋಡಿದ್ರಲ್ಲ."

"ನೋಡಿದೆ. ಸುಮ್ಮನೆ ಹೂಂ ಅನ್ನಬಹುದಿತ್ತು, ಅನ್ನಲಿಲ್ಲ. ಅದನ್ನೂ ನೋಡಿದೆ." ಅವನು ಟೋಪಿಯನ್ನು ತಿರುಗಿಸತೊಡಗಿದ. "ಕೊಳೆತ ಗುಲಾಬಿ ಬಗ್ಗೆ ಕೇಳೋದು ನನಗೂ ಸಾಕಾಗಿದೆ. ಬೇರೆ ಒಂದು ಕೇಳಬೇಕು ಅಂತ ಎರಡು ವರ್ಷದಿಂದ... ನನ್ನ ಜೊತೆ ಬರ್ತೀರಾ?"

"ಎಲ್ಲಿಗೆ?"

"ಸದ್ಯಕ್ಕೆ ಗುಡ್ಡಕ್ಕೆ. ಆಮೇಲೆ ನೀವು ಹೇಳಿದ ಕಡೆಗೆಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅಂದು ಕಟ್ಟಿದ ಹಸಿರು ಪಟ್ಟಿಯ ಟ್ರೇ ಎತ್ತಿಕೊಂಡಳು. ಶೆಡ್ಡಿನ ಒಳಗೆ ತಲೆ ಹಾಕಿ, "ನಾಳೆ ಬೆಳಿಗ್ಗೆ ಬೇಗ ಬಾ. ಗಂಟು ಹೇಳಿಕೊಡ್ತೀನಿ," ಎಂದಳು.

ಒಳಗಿನಿಂದ ತಟ್ಟನೆ ಉತ್ತರ ಬಂತು. "ಅವರ ಪುರಾಣ ಇನ್ಮೇಲೆ ನೀವೇ ಕೇಳೋದಾದ್ರೆ ಬರ್ತೀನಿ."

ಮುಂದಿನ ಸೀಟು ಅವಳು ಅಂದುಕೊಂಡಷ್ಟು ಮೆತ್ತಗಿರಲಿಲ್ಲ. ಒಂದು ಸ್ಪ್ರಿಂಗ್ ಚುಚ್ಚುತ್ತಿತ್ತು. ಅವಳು ಟ್ರೇಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ವ್ಯಾನು ಗೇಟು ದಾಟಿತು. ಗುಂಡಿಗಳಿಲ್ಲದ ಕಡೆಯೂ ಆಮೆಯಂತೆ ತೆವಳಿತು.

"ಯಾಕಿಷ್ಟು ನಿಧಾನ? ನನ್ನ ಗಂಟು ಬಿಚ್ಚಲ್ಲ ಅಂತ ಗೊತ್ತಲ್ಲ."

"ಗಿಡಕ್ಕಲ್ಲ," ಎಂದ ಸಾರಥಿ, ರಸ್ತೆಯಿಂದ ಕಣ್ಣು ತೆಗೆಯದೆ. "ಗುಡ್ಡ ಬೇಗ ಬಂದುಬಿಡುತ್ತೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು.

"ಹಾಗಾದ್ರೆ ಕೆರೆಯ ಕಡೆಯಿಂದ ಸುತ್ತಿಕೊಂಡು ಹೋಗಿ," ಎಂದಳು.