ಏರಿನಲ್ಲಿ ಉಸಿರುಗಟ್ಟಿದ ಕಾರು

"ಪೊಲೀಸತ್ತೆ, ನನ್ನ ಕಾರಿಗೆ ನಮ್ಮ ಮನೆಯವರೇ ಯಾರೋ ಏನೋ ಮಾಡಿದ್ದಾರೆ."

ಕೆಳಗಿನ ಗ್ಯಾರೇಜಿನ ಅಣ್ಣತಮ್ಮಂದಿರ ತಂಗಿ ಬಾಗಿಲಲ್ಲೇ ನಿಂತು ಹೀಗೆಂದಾಗ ಮೇಷ್ಟ್ರ ಕೈಯಲ್ಲಿದ್ದ ಚಹಾ ಲೋಟ ಬಾಯಿಗೆ ಬರದೆ ನಿಂತಿತು. ಸಂಜೆ ಶಾಲೆಯಲ್ಲಿ ಪಾಠ ಹೇಳುವ ಅವರಿಗೆ ಪಕ್ಕದ ಮನೆಯ ಜಗಳ ಕೇಳಿದರೂ ಎದೆ ಢವಗುಟ್ಟುತ್ತಿತ್ತು. ಅವರ ಸೋದರತ್ತೆ ಹಾಗಲ್ಲ. ಅಪಘಾತಗಳ ತನಿಖೆ ಮಾಡಿ ಮಾಡಿಯೇ ತಲೆ ನೆರೆಸಿಕೊಂಡು ನಿವೃತ್ತರಾದವರು. ಬೀದಿಗೆಲ್ಲ ಅವರು ಪೊಲೀಸತ್ತೆ.

ತಂಗಿ ಕೂತು ವಿವರಿಸಿದಳು. ಗ್ಯಾರೇಜು ಅವಳ ಇಬ್ಬರು ಅಣ್ಣಂದಿರದು. ಗುಡ್ಡ ಹತ್ತುವ ಕಾರುಗಳ ಪಂದ್ಯ ಹತ್ತಿರ ಬಂದಿತ್ತು, ಓಡಿಸುವವಳು ಇವಳೇ. ಎಂಜಿನ್ ಸಲೀಸಾಗಿ ಉಸಿರಾಡಲೆಂದು ಚಿಕ್ಕಣ್ಣ ಕಂಪನಿಯವರು ಕೊಟ್ಟ, ಗಾಳಿ ಸೋಸುವ ಡಬ್ಬ ಕಿತ್ತು, ಅಗಲದ ಕೊಳವೆಯನ್ನೂ ಹತ್ತಿಬಟ್ಟೆಯ ಫಿಲ್ಟರನ್ನೂ ಕೂರಿಸಿದ. ಕಂಪನಿಯವರಿಗಿಂತ ನೀನು ಬುದ್ಧಿವಂತನೋ ಎಂದು ದೊಡ್ಡಣ್ಣ ಚುಚ್ಚಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಸ್ಪ್ಯಾನರ್ ಬೇಕಾದರೂ ತಂಗಿಯ ಮೂಲಕವೇ. ಮೊದಲ ಓಟದಲ್ಲಿ ಕಾರು ಚಿಗರೆಯಂತೆ ನೆಗೆದಿತ್ತು. ಇವತ್ತು ಅದೇ ಏರಿನಲ್ಲಿ ಕೆಮ್ಮಿ, ಮುಗ್ಗರಿಸಿ, ನಿಂತೇಬಿಟ್ಟಿತು. ದೊಡ್ಡಣ್ಣನೇ ಕೆಡಿಸಿದ ಎಂದು ಚಿಕ್ಕಣ್ಣ. ಇಂಥ ಮಾತು ಕೇಳಿ ಜೊತೆಗಿರಲಾರೆ, ಗ್ಯಾರೇಜು ಪಾಲಾಗಲಿ ಎಂದು ದೊಡ್ಡಣ್ಣ.

"ಪಂದ್ಯ ಹಾಳಾಗಿ ಹೋಗ್ಲಿ ಅತ್ತೆ. ಇವರಿಬ್ರೂ ಬೇರೆ ಆಗಬಾರದು," ಎಂದಳು.

ಮೆಟ್ಟಿಲಿಳಿಯುವಾಗ ಮೇಷ್ಟ್ರು ಅಂಜುತ್ತಂಜುತ್ತಲೇ ದೊಡ್ಡಣ್ಣನ ಮೇಲೆ ತಮ್ಮ ಅನುಮಾನ ಹೇಳಿದರು.

"ನಿನ್ನ ಶಾಲೇಲಿ ಪರೀಕ್ಷೆಗೆ ಮೊದಲೇ ಫಲಿತಾಂಶ ಹಚ್ತಾರೇನೋ?" ಎಂದರು ಅತ್ತೆ.

ಗ್ಯಾರೇಜಿನಲ್ಲಿ ಅವರು ಫಿಲ್ಟರ್ ಬಿಚ್ಚಿ ಅದರ ಮಡಿಕೆಗಳನ್ನು ಒಂದೊಂದಾಗಿ ನೋಡಿದರು. ಬಿಳಿ ಕರವಸ್ತ್ರದಿಂದ ಕೊಳವೆಯ ಒಳಗೆ ಒರೆಸಿದರು. ನೇರಳೆ ಬಣ್ಣದ ಜಿಡ್ಡು ಬಂತು. ದೊಡ್ಡಣ್ಣನ ಮೇಜಿನ ಮೇಲೆ ಕೆಂಪು ಫಿಲ್ಟರ್ ಎಣ್ಣೆಯ ಬಾಟಲಿ, ಚಿಕ್ಕಣ್ಣನ ಮೇಜಿನ ಮೇಲೆ ನೀಲಿ ಎಣ್ಣೆಯ ಸ್ಪ್ರೇ ಡಬ್ಬಿ ಇದ್ದವು. ಬಳಿಕ ಗಾಳಿ ಅಳೆಯುವ ಸೆನ್ಸರಿನ ವಯರು ಕೀಳಿಸಿ ಎಂಜಿನ್ ಚಾಲೂ ಮಾಡಿಸಿದರು. ಅಷ್ಟು ಹೊತ್ತು ಮುಗ್ಗರಿಸುತ್ತಿದ್ದ ಎಂಜಿನ್ ತಣ್ಣಗೆ ಗುಂಯ್‌ಗುಟ್ಟಿತು. ಮೇಷ್ಟ್ರು ಎಲ್ಲವನ್ನೂ ಕಂಡರು, ತಲೆಬುಡ ತಿಳಿಯಲಿಲ್ಲ.

ಅತ್ತೆ ಎಲ್ಲರನ್ನೂ ಕಾರಿನ ಸುತ್ತ ನಿಲ್ಲಿಸಿದರು.

"ಎಂಜಿನ್ ಚೆನ್ನಾಗೇ ಇದೆ. ಸೆನ್ಸರ್ ಕಿತ್ತರೆ ಸರಿ ಓಡುತ್ತೆ ಅಂದ್ರೆ ಸುಳ್ಳು ಹೇಳ್ತಿರೋದು ಸೆನ್ಸರ್. ಅದರ ಸಣ್ಣ ತಂತಿಗೆ ಎಣ್ಣೆ ಮೆತ್ತಿದೆ. ಎಷ್ಟು ಗಾಳಿ ಬಂತು ಅನ್ನೋದೇ ಅದಕ್ಕೆ ತಿಳೀತಿಲ್ಲ. ಎಣ್ಣೆ ಬಂದಿದ್ದು ಫಿಲ್ಟರಿನಿಂದ. ಈ ಫಿಲ್ಟರಿಗೆ ತೆಳ್ಳಗೆ ಎಣ್ಣೆ ಬೇಕು, ಧೂಳು ಹಿಡಿಯೋಕೆ. ಇದರಲ್ಲಿ ಸೋರುವಷ್ಟಿದೆ."

"ನಾನು ಹೇಳಲಿಲ್ವಾ, ಬೇಕಂತಲೇ ಸುರಿದಿದ್ದಾನೆ," ಎಂದ ಚಿಕ್ಕಣ್ಣ.

"ಕೆಡಿಸೋನು ಪ್ರತಿ ಮಡಿಕೆಗೂ ಒಂದೊಂದೇ ಗೆರೆ ಎಳೆದ ಹಾಗೆ ಹಾಕ್ತಾನೇನಪ್ಪ? ಒಂದು ಹಿಡಿ ಮರಳು ಸಾಕಿತ್ತು. ಇದು ಅಕ್ಕರೆಯಿಂದ ಮಾಡಿದ ಕೆಲಸ. ಇನ್ನು ಈ ಬಣ್ಣ ನೋಡಿ. ಈ ಗ್ಯಾರೇಜಲ್ಲಿ ನೇರಳೆ ಎಣ್ಣೆ ಇಲ್ಲ. ಕೆಂಪಿದೆ, ನೀಲಿಯಿದೆ. ಇಬ್ಬರ ಕೈ ಬಿದ್ದಿದೆ."

ಚಿಕ್ಕಣ್ಣ ತನ್ನ ಮೇಜಿನತ್ತ ನೋಡಿ, ಮೊದಲ ಓಟದ ಬಳಿಕ ಫಿಲ್ಟರ್ ತೊಳೆದು ನೀಲಿ ಎಣ್ಣೆ ಹೊಡೆದದ್ದು ತಾನೇ, ಅದು ತನ್ನ ಕೆಲಸವೇ ಆಗಿತ್ತು ಎಂದ.

ದೊಡ್ಡಣ್ಣ ಕೈಯ ಗ್ರೀಸು ಒರೆಸಿಕೊಳ್ಳುತ್ತಲೇ ಇದ್ದ. "ಇವನಿಗೆ ಮರೆವು, ತೊಳೆದ ಮೇಲೆ ಎಣ್ಣೆ ಹಾಕಿರಲ್ಲ ಅಂದ್ಕೊಂಡೆ. ಒಣ ಫಿಲ್ಟರಲ್ಲಿ ಧೂಳು ಒಳಗೆ ಹೋದ್ರೆ ಇವಳು ಏರಲ್ಲಿ ಸಿಕ್ಕಿಹಾಕ್ಕೋತಾಳೆ ಅಂತ ನಾನೂ ಹಾಕಿದೆ. ಇವನು ನೋಡಬಾರದು ಅಂತ ಶಟರ್ ಇಳಿಸಿದ್ದೆ, ಕತ್ತಲಲ್ಲಿ ನೀಲಿ ಕಾಣಲಿಲ್ಲ."

"ನನ್ನನ್ನು ಕೇಳಬಹುದಿತ್ತಲ್ಲ," ಎಂದ ಚಿಕ್ಕಣ್ಣ.

"ಮಾತಿತ್ತೇನೋ ನಮಗೆ?"

ತಪ್ಪು ಮನುಷ್ಯನನ್ನು ಮನಸ್ಸಿನಲ್ಲೇ ಜೈಲಿಗೆ ಕಳಿಸಿದ್ದಕ್ಕೆ ಮೇಷ್ಟ್ರು ಬೆವರಿದರು. ತಂಗಿ ಮಾತ್ರ ಅಳುತ್ತಲೇ ನಗುತ್ತಿದ್ದಳು.

ಚಿಕ್ಕಣ್ಣ ಸೆನ್ಸರ್ ತೊಳೆದ. ದೊಡ್ಡಣ್ಣ ಫಿಲ್ಟರ್ ತೊಳೆದು ಬಿಸಿಲಿಗಿಟ್ಟ. ಅದು ಒಣಗಿದ ಮೇಲೆ ಇಬ್ಬರೂ ಅದರ ಮೇಲೆ ಬಾಗಿ ನಿಂತರು. ದೊಡ್ಡಣ್ಣ ಮಡಿಕೆಗಳಿಗೆ ಕೆಂಪು ಗೆರೆ ಎಳೆಯುತ್ತಾ ಹೋಗಿ, ನಡುವೆ ಬಾಟಲಿ ಎತ್ತಿ ಹಿಡಿದು ತಮ್ಮನ ಮುಖ ನೋಡಿದ.

"ಸಾಕೇನೋ?"

"ಈ ಕಡೆ ಇನ್ನೊಂದು ಗೆರೆ ಹಾಕಣ್ಣ," ಎಂದ ಚಿಕ್ಕಣ್ಣ.