ಯಶೋಧಾ ಬರೆದ ನಾಟಕ

ಬೈಲಹೊಂಗಲ ಬಸ್ ನಿಲ್ದಾಣದ ಎದುರು ಕಟ್ಟಿದ್ದ ಫ್ಲೆಕ್ಸ್ ನೋಡಿ ಯಶೋಧಾ ನಿಂತಲ್ಲೇ ನಿಂತಳು. ಅದರಲ್ಲಿ ಆಳೆತ್ತರದ ಕಾಂತೇಶ ನಗುತ್ತಿದ್ದ. ‘ಶ್ರೇಷ್ಠ ನಾಟಕಕಾರ, ನಿರ್ದೇಶಕ ಕಾಂತೇಶ ಅವರಿಗೆ ಕಿತ್ತೂರಿನಲ್ಲಿ ಭವ್ಯ ಸತ್ಕಾರ.’ ಕೆಳಗೆ ಮೂಲೆಯಲ್ಲಿ ಅಂಚೆಚೀಟಿಯಷ್ಟು ಅವಳ ಮುಖ. ‘ಸಹಕಾರ: ಕು. ಯಶೋಧಾ.’

ಸಹಕಾರ!

‘ನೀರಿನ ಪಾಳಿ’ ನಾಟಕ ಬರೆದವಳು ಅವಳು, ಆಡಿಸಿದವಳು ಅವಳು. ಕಳೆದ ತಿಂಗಳು ಬೆಂಗಳೂರಿನಲ್ಲಿ ಅದಕ್ಕೆ ಪ್ರಶಸ್ತಿ ಪಡೆದವಳೂ ಅವಳೇ. ತನ್ನೂರು ದೊಡವಾಡದ ಹುಡುಗಿಯರನ್ನು ಕಟ್ಟಿಕೊಂಡು ಮೊದಲ ನಾಟಕ ಮಾಡಿದಾಗ ಊರು ಆಡಿದ ಮಾತುಗಳನ್ನೆಲ್ಲ ನುಂಗಿದ್ದಳು. ಪರದೆ, ದೀಪ ಟೆಂಪೋದಲ್ಲಿ ಹೇರಿಕೊಂಡು ಸವದತ್ತಿ, ರಾಮದುರ್ಗ ಅಂತ ತಿರುಗಿದ್ದಳು. ಅಷ್ಟೂ ವರ್ಷ ಕಾಂತೇಶ ಅವಳ ನಾಟಕಗಳ ನಾಯಕನಟ. ಚೆಲುವ. ಅಷ್ಟೇ.

ಅಷ್ಟೇ ಅಲ್ಲ. ಆದರೆ ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಸಂಜೆ ತಾಲೀಮಿಗೆ ಬಂದವನ ಮುಖಕ್ಕೆ ಮೊಬೈಲ್ ಹಿಡಿದಳು. “ಏನಿದು?”

ಫ್ಲೆಕ್ಸಿನ ಫೋಟೋ ನೋಡಿ ಕಾಂತೇಶನ ಮುಖದ ಬಣ್ಣ ಇಳಿಯಿತು. “ನನಗ ಗೊತ್ತಿಲ್ಲ, ಯಶೋಧಾ.”

“ಇಷ್ಟು ದೊಡ್ಡ ಮಾರಿ ಹಾಕ್ಯಾರ, ನಿನಗ ಗೊತ್ತಿಲ್ಲ?”

ಅವನು ಅಲ್ಲಿಯೇ ಸತ್ಕಾರ ಸಮಿತಿಯ ಅಧ್ಯಕ್ಷ ದುಂಡಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

“ಅದೇನ್ ದೊಡ್ಡ ವಿಷಯರೀ?” ದುಂಡಪ್ಪ ನಕ್ಕ. “ಹೆಣ್ಣಮಗಳ ಹೆಸರಷ್ಟ ಹಾಕಿದ್ರ ಹಿರಿಯಾರು ಬರಂಗಿಲ್ಲ. ಹಿಂದ ನಿಂತು ಬರಿಯಾವ್ರು ನೀವ ಅಂತ ಮಂದಿ ಅಂತಾರ ಬಿಡ್ರಿ.”

ಕಾಂತೇಶ ಫೋನ್ ಕಟ್ ಮಾಡಿದ. “ಮೈಕ್ ಹಿಡದು ಎಲ್ಲಾ ಹೇಳಿಬಿಡತೇನಿ.”

“ನೀ ಏನೂ ಹೇಳಬ್ಯಾಡ. ನೀ ಹೇಳಿದ್ರ ಅದೂ ನಿನ್ನ ದೊಡ್ಡಸ್ತನ ಆಗತೈತಿ. ನನ್ನ ಮಾತು ನಾ ಆಡತೇನಿ.”

“ಮತ್ತ ನಾ ಏನ್ ಮಾಡ್ಲಿ, ಡೈರೆಕ್ಟರ್ ಬಾಯಾರ?”

ಅವನ ಕಣ್ಣಂಚಿನ ತುಂಟತನಕ್ಕೆ ಬೇರೆ ದಿನವಾದರೆ ಕರಗುತ್ತಿದ್ದಳು. “ಸುಮ್ಮ ಕುಂದರು,” ಅಂದಳು.

ಸತ್ಕಾರದ ದಿನ ಮಧ್ಯಾಹ್ನ ಕಿತ್ತೂರಿನ ಸಭಾಭವನ ತುಂಬಿತ್ತು. ‘ನಾಟಕಕಾರ ಕಾಂತೇಶ ಅವರು ವೇದಿಕೆಗೆ ಬರಬೇಕು’ ಎಂದು ಕೂಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಕಾಂತೇಶ ಅಲುಗಲಿಲ್ಲ. ಮತ್ತೆ ಕೂಗಿದರು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ. ಸಭೆಯಲ್ಲಿ ಗುಸುಗುಸು ಎದ್ದಿತು.

ಯಶೋಧಾ ಮೆಟ್ಟಿಲು ಹತ್ತಿ ಹೋಗಿ ಮೈಕ್ ತೆಗೆದುಕೊಂಡಳು.

“ಈ ನಾಟಕ ಬರದಾಕಿ ನಾನು. ಆಡಿಸಿದಾಕಿ ನಾನು. ಸತ್ಕಾರ ಮಾಡೋದಿದ್ರ ನನ್ನ ಹೆಸರು ಕೂಗಿ ಮಾಡ್ರಿ. ಇಲ್ಲಂದ್ರ ಶಾಲು ಮಡಚಿ ಇಟ್ಟಬಿಡ್ರಿ.”

ದುಂಡಪ್ಪ ಹತ್ತಿರ ಬಂದು ದನಿ ತಗ್ಗಿಸಿದ. “ತಂಗಿ, ಮಂದಿ ಮುಂದ ಇದೇನ ಇದು? ಆಮ್ಯಾಲೆ ಮಾತಾಡೋಣು.”

“ಮಂದಿ ಮುಂದ ಕಸಗೊಂಡ್ರಿ. ಮಂದಿ ಮುಂದನ ಕೊಡ್ರಿ.”

ಅವಳು ಮೈಕ್ ಚಾಚಿದಳು. ದುಂಡಪ್ಪ ಗೊಣಗುವಂತೆ ಅವಳ ಹೆಸರು ಹೇಳಿದ.

“ಕೇಳಸ್ಲಿಲ್ಲರೀ!” ಹಿಂದಿನಿಂದ ಕೂಗಿದ್ದು ಅವಳ ತಂಡದ ಹಿರಿಯ ನಟಿ ಸತ್ಯವ್ವ. ಹೆಂಗಸರ ಸಾಲಿಗೆ ಸಾಲೇ ನಕ್ಕಿತು.

“ನಾಟಕಕಾರ್ತಿ, ನಿರ್ದೇಶಕಿ ಯಶೋಧಾ!” ಈ ಸಲ ಮೈಕ್ ಕಿರುಗುಟ್ಟುವಷ್ಟು ಜೋರಾಗಿ ಹೇಳಿದ. ಚಪ್ಪಾಳೆ ಬಿತ್ತು. ಶಾಲು ಹೊದಿಸಿಕೊಂಡಳು, ನಗಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹೈವೇ ಪಕ್ಕದ ಚಹಾದಂಗಡಿಯಲ್ಲಿ ಇಬ್ಬರೂ ಕೂತರು.

“ಸುಮ್ಮ ಕುಂದ್ರೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ,” ಅಂದ ಕಾಂತೇಶ. “ಎರಡೂ ಸಲ ಎದ್ದು ಓಡಿ ಬರಬೇಕು ಅನಿಸಿತ್ತು.”

“ಕಾಣ್ಲಿಲ್ಲ. ಛಲೋ ನಟ ಅದಿ.” ನಗಲು ಹೋದಳು, ಮಧ್ಯಾಹ್ನದಿಂದ ತಡೆದಿಟ್ಟದ್ದೆಲ್ಲ ಕಣ್ಣಿಗೆ ಬಂತು. “ಬೇಡಿ ಇಸಗೋಬೇಕಾತಲ್ಲೋ, ಕಾಂತೇಶ. ನಂದನ್ನ ನಾ ಬೇಡಿ...”

ಅವಳ ಕಣ್ಣು ಒರೆಸಲು ಕಾಂತೇಶ ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಅವನು ಆ ಕೈ ಕೆಳಗಿಳಿಸಿ ಅಂದ, “ಧಾರವಾಡದ ದೊಡ್ಡ ತಂಡದವ್ರು ಕರದಾಗ ನಾ ಹೋಗಲಿಲ್ಲ. ಯಾಕಂತ ನೀ ಎಂದೂ ಕೇಳ್ಲಿಲ್ಲ.”

“ಯಾಕ?”

“ಅಲ್ಲಿ ನೀ ಇರಲಿಲ್ಲ.”

ಲಾರಿಗಳು ಗುಡುಗುತ್ತ ಹೋದವು. ಯಶೋಧಾ ಅವನನ್ನೇ ನೋಡಿದಳು. ಸಿಟ್ಟು ಇನ್ನೂ ಮೂಗಿನ ತುದಿಯಲ್ಲಿ ಕೆಂಪಗಿತ್ತು.

“ಇದನ್ನ ಹೇಳಾಕ ಇಷ್ಟು ವರ್ಷ ಬೇಕಾತೇನ?”

“ಈ ಮಾತು ನೀ ಬರದು ಕೊಟ್ಟಿರಲಿಲ್ಲಲ್ಲ.”

ಈಗ ನಕ್ಕಳು, ನಕ್ಕು ಅವನ ಬಲಗೈ ಹಿಡಿದುಕೊಂಡಳು.

“ಮಂದಿ ನೋಡಾಕತ್ತಾರ,” ಅಂದ ಮೆಲ್ಲಗೆ.

“ನೋಡ್ಲಿ.”

ಕಾಂತೇಶನ ಚಹಾ ಆರಿಹೋಯಿತು. ಕಪ್ ಎತ್ತಬೇಕಾದ ಕೈಯನ್ನು ಅವಳು ಬಿಡಲೇ ಇಲ್ಲ.