ಮೇಲಿನ ಗುಂಡಿ

ನೀವು ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಇಸ್ತ್ರಿ ಅಂಗಡಿಯಲ್ಲಿ ನನ್ನ ಪಕ್ಕದ ಮೇಜಿನವನು, ನಾವೆಲ್ಲ ಆಮೆ ಅಂತ ಕರೆಯುತ್ತಿದ್ದ ಸೋಮಾರಿ, ಅಂಗಿ ಮಡಚುತ್ತಲೇ ಕುಸಿದು ಸತ್ತ. ಸಾಯುವುದರಲ್ಲಿ ಮಾತ್ರ ಅವಸರ ಮಾಡಿದ, ಮಹಾರಾಯ. ಇಸ್ತ್ರಿಯಾದ ಅಂಗಿಗೆ ಅವನು ಮೇಲಿನ ಗುಂಡಿ ಹಾಕಿದ್ದೇ ಇಲ್ಲ. "ಉಸಿರು ಕಟ್ಟುತ್ತೆ ಕಣೋ" ಅನ್ನುತ್ತಿದ್ದ. ಅಂಗಿಗೆ ಉಸಿರಂತೆ! ಅವನು ಬಿಟ್ಟ ಗುಂಡಿಗಳನ್ನು ಹಾಕಿ ಹಾಕಿ ನನ್ನ ಬೆರಳು ಸವೆದವು.

ಹೆಣಕ್ಕೆ ಅಂಗಿ ತೊಡಿಸಿದವನೂ ನಾನೇ. ಗುಂಡಿ ಹಾಕಿ ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಬಿಚ್ಚಿಕೊಂಡಿತ್ತು. ಮತ್ತೆ ಹಾಕಿದೆ, ಮತ್ತೆ ಬಿಚ್ಚಿಕೊಂಡಿತು. ಅವನ ಹೆಂಡತಿ "ಇರಲಿ ಬಿಡಿ ಅಣ್ಣ" ಅಂದಳು. ಬಿಡುವವನು ನಾನಲ್ಲ. ಕೆಂಪು ದಾರದಲ್ಲಿ ಎರಡೂ ಅಂಚು ಸೇರಿಸಿ ಹೊಲಿದು, ಗಂಟು ಬಿಗಿದು, "ಈಗ ಬಿಚ್ಚೋ, ನೋಡೋಣ" ಅಂದೆ. ಹಾಗೇ ಮಣ್ಣು ಮಾಡಿದೆವು.

ಮರುದಿನ ಬೆಳಿಗ್ಗೆ ನಾನೇ ಅಂಗಡಿಯ ಬೀಗ ತೆಗೆದೆ. ಆಮೆಯ ಇಸ್ತ್ರಿಪೆಟ್ಟಿಗೆಯ ವೈರನ್ನು ಜಿಪುಣ ಮಾಲೀಕ ಹಿಂದಿನ ದಿನವೇ ಕಿತ್ತು ಬೇರೆಯದಕ್ಕೆ ಹಾಕಿದ್ದ. ಆದರೂ ಪೆಟ್ಟಿಗೆ ಬೆಚ್ಚಗಿತ್ತು. ಎತ್ತಿದೆ. ಅದರಡಿಯಲ್ಲಿ ನನ್ನ ಕೆಂಪು ದಾರ, ಚೆನ್ನಾಗಿ ಇಸ್ತ್ರಿಯಾಗಿ, ಚಪ್ಪಟೆಯಾಗಿ ಬಿದ್ದಿತ್ತು.

ದಾರ ಎಲ್ಲೂ ತುಂಡಾಗಿರಲಿಲ್ಲ. ನಾನು ಬಿಗಿದ ಗಂಟು ಬಿಗಿದ ಹಾಗೇ ಇತ್ತು.